ಹೆಣ್ಣುಮಕ್ಕಳ ಆಟದ ಹಾಡುಗಳು

ಶಾಲೆಯ ಅಂಗಳದಲ್ಲಿ ಇಂಗ್ಲಿಷ್ ಆಟದ ಹಾಡುಗಳಿಗೆ ದೊರೆತ ಸ್ಥಾನವು ನಮ್ಮ ಊರ ಹಾಡುಗಳಿಗೂ ದೊರೆಯಬೇಕೆಂಬುದು ನಮ್ಮ ಅಭಿಪ್ರಾಯವು. ಇದನ್ನೋದಿ ಕೆಲವು ಪಾಲಕರು ಹುಬ್ಬು ಗಂಟಿಕ್ಕಬಹುದು. ಹಳ್ಳಿಯ ಹಾಡು ಕಲಿಯಲು ಶಾಲೆಯೇತಕ್ಕೆ ಎಂದು ಕೇಳಲೂಬಹುದು.

ಇಂಗ್ಲಿಷರು ತಮ್ಮ ಮಕ್ಕಳ ಆಟಗಳನ್ನು ಹಾಗೆ ಹಳಿಯಲಿಲ್ಲ. ಆಲಿಸ್ ಗೊಮ್ ಎಂಬ ವಿದುಷಿಯು ಅವುಗಳನ್ನು ಹಾಡುಸಹಿತ ಕೂಡಿಸಿ 1894 ಹಾಗೂ 1898ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದರು. ಲಂಡನ್ ಸೇತುವೆಯ ಆಟದಲ್ಲಿ ಇಬ್ಬರು ಕೈಯೆತ್ತಿ ಕಮಾನು ಮಾಡಿ, ಕೆಳಗೆ ನುಸುಳುವವರಲ್ಲಿ ಒಬ್ಬಳನ್ನು ಹಿಡಿಯುವರಷ್ಟೆ. ಕಟ್ಟಡ ನಿಲ್ಲಲೆಂದು ನರಬಲಿ ಕೊಡುವ ಪುರಾತನ ನಂಬಿಕೆಯ ನೆರಳು ಅದರಲ್ಲಿದೆಯೆಂದು ಆಕೆಯ ಊಹೆ. ಊಹೆ ಸಿದ್ಧವಾಗಿಲ್ಲ, ಆದರೂ ಕೆರೆಗೆ ಹಾರವಾದ ಭಾಗೀರಥಿಯ ಕಥೆಯನ್ನು ಅಜ್ಜಿಯ ಬಾಯಿಂದ ಕೇಳಿದ ಹುಡುಗಿಗೆ ಅದು ಹೊಸದೆನಿಸದು.

ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವ, ಪಂಚಮಿಗೆ ಜೋಕಾಲಿ, ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ, ಕೋಲು. ಕೈ ಹೆಣೆದು ಗಿರಗಿರನೆ ತಿರುಗುವ ಫುಗಡಿಗಂತೂ ಹಬ್ಬವೇ ಬೇಕಿಲ್ಲ. ಈ ಹಾಡುಗಳಲ್ಲಿ ಬರುವದೇನು? ಕರೆಯಲು ಬರುವ ಅಣ್ಣ, ತವರಿನ ದಾರಿ, ಅತ್ತೆಯ ಮಾತು. ಎಂಟು ವರುಷದ ಕೂಸಿಗೆ ಅತ್ತೆಯ ಮನೆಯ ಸುದ್ದಿ ಎಲ್ಲಿಂದ ಬಂದಿತು? ಬೀಸುವ ಕಲ್ಲಿನ ಮುಂದೆ ತಾಯಿ ಹಾಡಿದ ತ್ರಿಪದಿಯನ್ನು ತೊಡೆಯ ಮೇಲೆ ಮಲಗಿ ಕೇಳಿ, ಮಗಳು ಅದನ್ನು ಆಟಕ್ಕೆ ಒಯ್ದಳು. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿತು. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದ್ದರಿಂದ ಅನೇಕ ತ್ರಿಪದಿಗಳು ಉಳಿದವು. ಮಿಕ್ಕವುಗಳಿಗೆ ಮಕ್ಕಳ ಆಟವೇ ಆಶ್ರಯವು. ಆಟವೂ ನಿಂತರೆ ಅವು ಎಲ್ಲಿಗೆ ಹೋಗಬೇಕು?

ಗುಳ್ಳವ್ವನ ಪೂಜೆಯ ಮಾತೆತ್ತುವವರುಂಟು. ಪೂಜೆ ಅವರವರ ಮನೆಗೆ ಸೇರಿದ್ದು. ಫುಗಡಿಯಲ್ಲಿ ಅಣ್ಣನನ್ನು ನೆನೆದರೆ ಯಾರ ನಂಬಿಕೆಗೂ ಕುಂದಿಲ್ಲ. ಇದಕ್ಕಿಂತ ನಮ್ಮನ್ನು ಕಾಡುವದು ತಿದ್ದುವ ಚಪಲ. 'ಬಂದಾಳ' ಎಂಬುದನ್ನು 'ಬಂದಿದ್ದಾಳೆ' ಎಂದು ತಿದ್ದಿದೊಡನೆ ತಾಳ ತಪ್ಪಿ, ಹುಡುಗಿಯ ಕಾಲು ನಿಲ್ಲುವದು. ಮಾನ್ಯಖೇಟವೆಂದು ಹೆಸರಾಗಿದ್ದ ನಮ್ಮ ಮಳಖೇಡದಲ್ಲಿ, ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ಓದು ಕಲಿಯದವರ ಕಾವ್ಯಜಾಣ್ಮೆಯನ್ನು ಹೊಗಳಿತು. ಅದೇ ನೆಲದಲ್ಲಿ ಓದು ಕಲಿತ ನಾವು ಅವರ ನುಡಿಗೆ ನಾಚುವದೇ?

ಸೇಡಂ, ಚಿತ್ತಾಪುರ, ಶಹಾಬಾದಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಬಿನ್ನಹ. ಪಂಚಮಿಗೆ ತವರಿಗೆ ಹೋದಾಗ ಹಿರಿಯರಿಂದ ಒಂದೊಂದು ಹಾಡನ್ನು ಅವರ ಬಾಯಿಮಾತಿನಲ್ಲೇ ಬರೆದು ಶಾಲೆಗೆ ಕಳಿಸಿರಿ. ಎಷ್ಟು ಮಂದಿ ಆಡುವರು, ಯಾವ ಮಾತಿಗೆ ಚಪ್ಪಾಳೆ, ಯಾವ ಮಾತಿಗೆ ಕುಳಿತೇಳುವದು ಎಂಬುದನ್ನೂ ಜೊತೆಗೆ ಬರೆಯಿರಿ.