ಅಂತರಿಕ್ಷದ ದಂಡಧಾರಿ

‘ದಂಡಂ ದಶಗುಣಂ’ ಎಂಬ ಮಾತನ್ನು ಸಾಮಾನ್ಯವಾಗಿ ಕೋಲು ಹಿಡಿದವರೇ ಆಡುತ್ತಾರೆ. ಏಟು ತಿಂದವರ ಬಾಯಲ್ಲಿ ಅದನ್ನು ಕೇಳಿದವರು ಅಪರೂಪ. ದಂಡಕ್ಕಿರುವ ಆ ಹತ್ತು ಗುಣಗಳಲ್ಲಿ ಸತ್ಯವನ್ನು ಕಂಡುಹಿಡಿಯುವ ಗುಣವೂ ಒಂದೇನು? ಈ ಪ್ರಶ್ನೆಯನ್ನು ಶಾಸ್ತ್ರಜ್ಞರ ಬಳಿಗೆ ಒಯ್ಯದೆ, ಈ ವಾರ ಒಂದು ಆಟದ ಬಳಿಗೆ ಒಯ್ಯೋಣ. ಆಟವೆಂದ ಮಾತ್ರಕ್ಕೆ ವಾಚಕರು ಪುಟ ಮಗುಚಬಾರದು. ಪ್ರಾಯದ ಹುಡುಗರೂ ದೊಡ್ಡವರೂ ಕೂಡಿ ಆಡುವ ಈ ಆಟದಲ್ಲಿ ಭಯಕ್ಕೂ ವಿಚಾರಣೆಗೂ ಬೇರೆ ಬೇರೆ ಲೆಕ್ಕವಿಟ್ಟಿದ್ದಾರೆ.

ಮೊದಲು ಆಟದ ಜಾತಿಯನ್ನು ತಿಳಿಯಬೇಕು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿ ಈ ಪದ್ಧತಿಗೆ ತಳಹದಿ ಹಾಕಿದರು. ಮೇಜಿನ ಸುತ್ತ ನಾಲ್ಕೈದು ಮಂದಿ ಕೂರುತ್ತಾರೆ. ಒಬ್ಬನು ಸೂತ್ರಧಾರ, ಊರು, ಕಾಡು, ಶತ್ರು, ಸಾಕ್ಷಿ ಎಲ್ಲವನ್ನೂ ವರ್ಣಿಸುವವನು ಅವನೇ. ಉಳಿದವರಿಗೆ ಒಂದೊಂದು ಪಾತ್ರ. ಬಣ್ಣವಿಲ್ಲ, ರಂಗವಿಲ್ಲ, ಬಾಯಿಪಾಠವಿಲ್ಲ. ಕೈಗೊಂಡ ಕಾರ್ಯ ಫಲಿಸಿತೋ ಇಲ್ಲವೋ ಎಂಬ ಸಂದೇಹ ಬಂದಲ್ಲಿ ದಾಳ ತೀರ್ಪು ಕೊಡುತ್ತದೆ.

ಇಂಥ ಆಟಗಳಲ್ಲಿ ಒಂದು ‘ಡಾರ್ಕ್ ಹೆರೆಸಿ’. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಷಾಪ್ ಸಂಸ್ಥೆಯು 1987ರಲ್ಲಿ ಹೊರತಂದ ‘ವಾರ್‌ಹ್ಯಾಮರ್ 40,000’ ಎಂಬ ಯುದ್ಧದಾಟದ ಕಲ್ಪನಾಲೋಕವನ್ನೇ ಆಧರಿಸಿ 2008ರಲ್ಲಿ ಇದರ ಮೊದಲ ಗ್ರಂಥ ಪ್ರಕಟವಾಯಿತು. ಕಾಲ, ಇಂದಿನಿಂದ ಮೂವತ್ತೆಂಟು ಸಾವಿರ ವರ್ಷಗಳಾಚೆ. ಹತ್ತು ಲಕ್ಷ ಲೋಕಗಳ ಸಾಮ್ರಾಜ್ಯ. ಅದಕ್ಕೆ ಬದುಕಿಯೂ ಇಲ್ಲದ, ಸತ್ತೂ ಇಲ್ಲದ, ಚಿನ್ನದ ಸಿಂಹಾಸನದ ಮೇಲೆ ಹತ್ತು ಸಾವಿರ ವರ್ಷಗಳಿಂದ ಕುಳಿತಿರುವ ಚಕ್ರವರ್ತಿ. ನಕ್ಷತ್ರನೌಕೆಗಳೂ ಉಂಟು, ಮಾಟ ಮಂತ್ರಗಳೂ ಉಂಟು. ವಿಜ್ಞಾನದ ಕಥೆಗೆ ಅಜ್ಜಿಯ ಕಥೆಯನ್ನು ಬೆರೆಸಿ ಕತ್ತಲಲ್ಲಿ ಕಲಕಿದಂತಿದೆ.

ಆಟಗಾರರು ಇಲ್ಲಿ ಧರ್ಮದ್ರೋಹಿಗಳನ್ನು ಹುಡುಕುವ ಒಬ್ಬ ಉನ್ನತಾಧಿಕಾರಿಯ ಸೇವಕರು. ಆರಿಸಿಕೊಳ್ಳಲು ಎಂಟು ವೃತ್ತಿಗಳಿವೆ: ವಿದ್ವಾಂಸ, ಪುರೋಹಿತ, ಸಿಪಾಯಿ, ಹಂತಕ ಮೊದಲಾದವು. ಅವುಗಳಲ್ಲಿ ನೋಡಿದೊಡನೆ ಎದೆ ಝಲ್ಲೆನಿಸುವ ವೃತ್ತಿಯೇ ‘ಆರ್ಬಿಟ್ರೇಟರ್’, ಅರ್ಥಾತ್ ಸಾಮ್ರಾಜ್ಯದ ದಂಡಧಾರಿ. ಇವನು ಊರಿನ ಸಾಧಾರಣ ಪೋಲೀಸಿನವನಲ್ಲ. ಜೇಬುಗಳ್ಳತನ, ನೆರೆಹೊರೆಯ ಜಗಳ ಇವನಿಗೆ ಸಂಬಂಧಿಸಿದ್ದಲ್ಲ; ಅವಕ್ಕೆ ಆಯಾ ಲೋಕದ ಕಾವಲುಗಾರರಿದ್ದಾರೆ. ಇವನು ಕಾಯುವುದು ಸಾಮ್ರಾಜ್ಯದ ಶಾಸನವನ್ನು. ತಪ್ಪಿದವನು ರಾಜ್ಯಪಾಲನಾದರೂ ಇವನ ಕೈ ಅಲ್ಲಿಗೆ ನೀಳುತ್ತದೆ. ಈ ಪಡೆಗೆ ಸೇರುವವರಲ್ಲಿ ಬಹುಮಂದಿ ತಂದೆತಾಯಿಗಳನ್ನು ಕಳೆದುಕೊಂಡು ಸಾಮ್ರಾಜ್ಯದ ಅನಾಥಾಲಯಗಳಲ್ಲಿ ಕಠೋರ ಶಿಸ್ತಿನಲ್ಲಿ ಬೆಳೆದವರು. ಮಮತೆಯ ಮನೆಯನ್ನು ಕಾಣದವನಿಗೆ ಶಾಸನವೇ ತಾಯಿ ತಂದೆ.

ಈ ಪಾತ್ರಕ್ಕೊಬ್ಬ ಪೂರ್ವಿಕನಿದ್ದಾನೆ. 1977ರಲ್ಲಿ ‘2000 ಎ.ಡಿ.’ ಎಂಬ ಬ್ರಿಟಿಷ್ ಚಿತ್ರಕಥೆಗಳ ವಾರಪತ್ರಿಕೆಯಲ್ಲಿ ಜಾನ್ ವ್ಯಾಗ್ನರ್ ಮತ್ತು ಕಾರ್ಲೋಸ್ ಎಜ್ಕೆರಾ ಸೃಷ್ಟಿಸಿದ ‘ಜಡ್ಜ್ ಡ್ರೆಡ್’ ಅವನು. ಹಿಡಿಯುವವನು, ತೀರ್ಪು ಕೊಡುವವನು, ಕೊಲ್ಲುವವನು ಮೂವರೂ ಒಬ್ಬನೇ. ಆ ಚಿತ್ರಕಥೆಯಲ್ಲಿ ಅವನು ಶಿರಸ್ತ್ರಾಣ ತೆಗೆದು ಓದುಗರಿಗೆ ಪೂರ್ಣ ಮುಖ ತೋರಿಸುವುದಿಲ್ಲ. 1995ರ ಚಲನಚಿತ್ರದಲ್ಲಿ ನಟ ಸ್ಟಲೋನ್ ಶಿರಸ್ತ್ರಾಣ ತೆಗೆದಾಗ ಅಭಿಮಾನಿಗಳು ಮುನಿದರು. ಮುಖ ಕಂಡರೆ ಭಯ ಅರ್ಧವಾಗುತ್ತದೆಯಲ್ಲವೆ! 1985ರಲ್ಲಿ ಗೇಮ್ಸ್ ವರ್ಕ್‌ಷಾಪ್ ಈ ಡ್ರೆಡ್‌ನ ಮೇಲೆಯೇ ಒಂದು ಪಾತ್ರಾಭಿನಯದ ಆಟವನ್ನು ಹೊರತಂದಿತು. ಅದರ ಕರ್ತೃಗಳಲ್ಲಿ ಒಬ್ಬರಾದ ರಿಕ್ ಪ್ರೀಸ್ಟ್ಲಿಯವರೇ ಎರಡು ವರ್ಷಗಳ ಮೇಲೆ ‘ವಾರ್‌ಹ್ಯಾಮರ್ 40,000’ ಬರೆದರು. ವಂಶದ ಹೋಲಿಕೆಗೆ ಆಶ್ಚರ್ಯಪಡಬೇಕಾದುದಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. 2008ರ ಗ್ರಂಥದ ನಿಯಮದಂತೆ ಬಲ, ಬುದ್ಧಿ, ಮನೋಬಲ, ಜನರೊಡನೆ ಬೆರೆಯುವ ಸ್ನೇಹಗುಣ ಮೊದಲಾದ ಒಂಬತ್ತು ಗುಣಗಳಿಗೆ ಅಂಕಗಳುಂಟು. ಹತ್ತು ಮುಖದ ಎರಡು ದಾಳಗಳನ್ನು ಉರುಳಿಸಿ, ಬಂದದ್ದಕ್ಕೆ ಇಪ್ಪತ್ತು ಕೂಡಿಸಬೇಕು. ಹುಟ್ಟಿದ ಲೋಕಕ್ಕೆ ತಕ್ಕ ಸಣ್ಣ ವ್ಯತ್ಯಾಸವನ್ನು ಬಿಟ್ಟರೆ ಸರಾಸರಿ 31. ಕಾರ್ಯ ಮಾಡುವಾಗ ನೂರರ ದಾಳ ಆ ಅಂಕದೊಳಗೆ ಬಿದ್ದರೆ ಜಯ. ಎಂದರೆ ನಮ್ಮ ಭಯಂಕರ ದಂಡಧಾರಿ ಕೆಲಸಕ್ಕೆ ಸೇರಿದ ಮೊದಲ ದಿನ, ಸಂದರ್ಭದ ಅನುಕೂಲವೊಂದು ಒದಗದಿದ್ದರೆ, ಹತ್ತರಲ್ಲಿ ಏಳು ಸಲ ಸೋಲುತ್ತಾನೆ. ಕಲಿಯದ ವಿದ್ಯೆಯಾದರೆ ಅಂಕ ಅರ್ಧಕ್ಕಿಳಿಯುತ್ತದೆ. ಕರಿಯ ಕವಚದೊಳಗೆ ಎಂಥ ಬಡಪಾಯಿ!

ಇಲ್ಲೊಂದು ಸ್ವಾರಸ್ಯವಿದೆ. ಹೆದರಿಸುವ ವಿದ್ಯೆಯನ್ನು ಈ ಗ್ರಂಥ ತೋಳಿನ ಬಲಕ್ಕೆ ಕಟ್ಟಿದೆ. ವಿಚಾರಿಸಿ ಸುದ್ದಿ ತಿಳಿಯುವ ವಿದ್ಯೆಯನ್ನು ಸ್ನೇಹಗುಣಕ್ಕೆ. ದಂಡಧಾರಿಗೆ ಆರಂಭದಲ್ಲಿ ಬಂದೂಕು ಕೊಡುತ್ತಾರೆ, ದೊಣ್ಣೆ ಕೊಡುತ್ತಾರೆ. ಆದರೆ ಅವನಿಗೆ ಮೊದಲೇ ಕಲಿಸಿ ಕಳುಹಿಸುವ ವಿದ್ಯೆಗಳಲ್ಲಿ ಓದುಬರಹವಿದೆ, ವಿಚಾರಣೆಯಿದೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಹಿರಿಯರ ಮಾತು ಆ ಗ್ರಂಥಕರ್ತರ ಕಿವಿಗೆ ಬಿದ್ದಿರಲಾರದು. ಆದರೂ ಲೆಕ್ಕ ಅದನ್ನೇ ಹೇಳುತ್ತದೆ.

ಉದಾಹರಣೆಗೆ, ಜೇನುಗೂಡಿನಂತೆ ಅಂತಸ್ತಿನ ಮೇಲೆ ಅಂತಸ್ತು ಏರಿದ ನಗರದಲ್ಲಿ ಒಂದು ಕೊಲೆಯಾಗಿದೆ ಎನ್ನಿ. ದಂಡಧಾರಿಯು ಒಬ್ಬ ಹಮಾಲಿಯ ಕುತ್ತಿಗೆ ಹಿಡಿದು ಹೆಸರು ಹೇಳೆನ್ನುತ್ತಾನೆ. ದಾಳ ಬಿತ್ತು, ಜಯವಾಯಿತು, ಹಮಾಲಿ ನಡುಗಿದನು. ಆದರೆ ದಾಳ ಸಾರಿದ್ದು ಅವನು ಹೆದರಿದನೆಂಬುದನ್ನು ಮಾತ್ರ. ಹೆದರಿದವನು ಕಂಡದ್ದನ್ನು ಹೇಳಬಹುದು. ಬಿಟ್ಟರೆ ಸಾಕೆಂದು ನೆರೆಯವನ ಹೆಸರನ್ನೂ ಹೇಳಬಹುದು. ಬಲದಿಂದ ಬಾಯಿ ತೆರೆಯಿತು. ಬಂದ ಮಾತು ನಿಜವೋ ಸುಳ್ಳೋ ತಿಳಿಯಲು ಮತ್ತೆ ನಾಲ್ಕು ಮನೆಗಳ ಬಾಗಿಲು ತಟ್ಟಬೇಕು; ಅಲ್ಲಿ ತೋಳಿಗೆ ಬೆಲೆಯಿಲ್ಲ.

ಮತ್ತೊಂದು ಸಂಗತಿ. ಈ ಆಟದಲ್ಲಿ ಬುದ್ಧಿಭ್ರಮಣೆಗೂ ಆತ್ಮದ ಭ್ರಷ್ಟತೆಗೂ ಅಂಕಗಳುಂಟು; ಎರಡರಲ್ಲಿ ಯಾವುದು ನೂರು ಮುಟ್ಟಿದರೂ ಆ ಪಾತ್ರದ ಕಥೆ ಮುಗಿಯಿತು. ನಿರಪರಾಧಿಯನ್ನು ದಂಡಿಸಿದ ದಂಡಧಾರಿಗೆ ಮಾತ್ರ ಅನ್ಯಾಯದ ಅಂಕವೆಂಬ ಪ್ರತ್ಯೇಕ ಕಲಂ ಇಲ್ಲ. ಆ ನಿಷ್ಠುರ ಸಾಮ್ರಾಜ್ಯಕ್ಕೆ ಅದರ ಅಗತ್ಯವೂ ಇಲ್ಲ. ಹಾಗಾದರೆ ಆ ಲೆಕ್ಕ ಬರೆಯುವವರು ಯಾರು? ಮೇಜಿನ ಸುತ್ತ ಕುಳಿತ ಜೊತೆಗಾರರು. ಒಳ್ಳೆಯ ಸೂತ್ರಧಾರನು ಮರುವಾರದ ಆಟದಲ್ಲಿ ಆ ನಿರಪರಾಧಿಯ ಮಗಳನ್ನು ದಂಡಧಾರಿಯ ಬಾಗಿಲಿಗೆ ಕಳುಹಿಸುತ್ತಾನೆ. ‘ನನ್ನ ತಂದೆ ಮಾಡಿದ ತಪ್ಪೇನು?’ ಎಂದು ಅವಳು ಕೇಳಿದಾಗ ಉತ್ತರಿಸಲು ಯಾವ ದಾಳವೂ ನೆರವಾಗದು. ಆಟಗಾರನು ಸ್ವಂತ ಬಾಯಿಂದ ಮಾತು ಹುಡುಕಬೇಕು.

ಆದ್ದರಿಂದ ಮಗನೋ ಮಗಳೋ ಇಂಥ ಆಟದಲ್ಲಿ ದಂಡಧಾರಿಯ ಪಾತ್ರ ವಹಿಸಿದರೆಂದು ಹೆತ್ತವರು ಗಾಬರಿಗೊಳ್ಳಬೇಕಾಗಿಲ್ಲ. ಅಧಿಕಾರದ ರುಚಿಯನ್ನು ಮಿತ್ರರ ಎದುರಿನಲ್ಲಿ, ಯಾರಿಗೂ ಗಾಯವಾಗದ ಕಡೆ ನೋಡುವುದು ಲೇಸೇ. ಆದರೆ ಆಟ ಮುಗಿಸಿ ಊಟಕ್ಕೆ ಕುಳಿತಾಗ, ಎಷ್ಟು ಮಂದಿಯನ್ನು ಹೆದರಿಸಿದೆ ಎಂದು ಕೇಳಿ ನಗುವುದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು: ‘ಆ ಹಮಾಲಿ ಹೇಳಿದ್ದು ನಿಜವೆಂದು ಯಾರನ್ನು ವಿಚಾರಿಸಿದೆ?’