ಅಗ್ಗದ ಸಾಗಣೆಯೂ ಇಪ್ಪತ್ತೇಳು ಪೆಟ್ಟಿಗೆಗಳೂ



ಕಳೆದ ತಿಂಗಳು ಚೀನಾದ ಶೆನ್‌ಜೆನ್ ನಗರದಿಂದ ಹಳೆಯ ವಿದ್ಯಾರ್ಥಿನಿಯೊಬ್ಬಳು ಪತ್ರ ಬರೆದಿದ್ದಳು. ಹತ್ತನೆಯ ತರಗತಿಯಲ್ಲಿ ಭೂಪಟದ ಮೇಲೆ ಯಾಂಗ್‌ತ್ಸೆ ನದಿಯನ್ನು ತಪ್ಪಾಗಿ ಗುರುತಿಸಿ ನನ್ನಿಂದ ಬೈಸಿಕೊಂಡವಳು. ಅದೇ ದೇಶದಲ್ಲಿ ಏಳು ವರ್ಷ ಸಂಸಾರ ನಡೆಸಿ ಈಗ ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಹೊರಟಿದ್ದಾಳೆ. "ಸಾರ್, ನಿಮ್ಮ ಮಗಳ ಮನೆ ಸಾಮಾನೂ ಚೀನಾದಿಂದಲೇ ಬಂದದ್ದಲ್ಲವೇ? ಎಲ್ಲಕ್ಕಿಂತ ಅಗ್ಗದಲ್ಲಿ ಕಳುಹಿಸುವ ದಾರಿ ಯಾವುದೆಂದು ತಿಳಿಸಿ" ಎಂದು ಕೇಳಿದ್ದಾಳೆ. ನಾಲ್ಕು ಸಾಲಿನಲ್ಲಿ ಉತ್ತರ ಬರೆದು ಮುಗಿಸಬಹುದಿತ್ತು. ಆದರೆ ಆ ಪ್ರಶ್ನೆ ನನ್ನ ಹಳೆಯ ತಪ್ಪೊಂದನ್ನು ಕೆದಕಿತು. ನಿಮ್ಮಲ್ಲಿ ಅನೇಕರು ಹೊರದೇಶಗಳಲ್ಲಿರುವುದರಿಂದ ಅದನ್ನು ಎಲ್ಲರೆದುರಿಗೇ ಒಪ್ಪಿಕೊಳ್ಳುವುದು ಮೇಲೆಂದು ತೋರಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರಿಗಿಂತ ಕಡಿಮೆ ದರ ಹೇಳಿದವನಿಗೆ ಸಾಮಾನು ಒಪ್ಪಿಸಿದವನು ಸಾಮಾನ್ಯವಾಗಿ ಎಲ್ಲರಿಗಿಂತ ಹೆಚ್ಚು ತೆರುತ್ತಾನೆ. ಈ ಪಾಠವನ್ನು ನಾನು ಕಲಿತದ್ದು 2018ರಲ್ಲಿ, ಅದೂ ಮಗಳ ಖರ್ಚಿನಲ್ಲಿ.

ಮಗಳೂ ಅಳಿಯಂದಿರೂ ಶಾಂಘೈಗೆ ಹತ್ತಿರದ ಸೂಚೌ ನಗರದಲ್ಲಿ ಐದು ವರ್ಷ ಇದ್ದರು. 2014ರಲ್ಲಿ ಮೊಮ್ಮಗಳು ಹುಟ್ಟಿದಾಗ ನನ್ನಾಕೆ ಬಾಣಂತನಕ್ಕೆಂದು ಹೋಗಿ ಮೂರು ತಿಂಗಳು ಅಲ್ಲಿದ್ದಳು. ಹಿಂದಿರುಗುವ ಮೊದಲು ಮಗಳಿಗಾಗಿ ಇನ್ನೂರು ಪುಟದ ಒಂದು ನೋಟ್‌ಪುಸ್ತಕ ಬರೆದಿಟ್ಟು ಬಂದಳು. ಮಗುವಿಗೆ ಎಣ್ಣೆ ಹಚ್ಚುವ ಕ್ರಮ, ಕಷಾಯಗಳು, ಹುಳಿಪುಡಿಯ ಅಳತೆ, ತನ್ನ ತಾಯಿಯಿಂದ ಕಲಿತ ಜೋಗುಳಗಳು, ಎಲ್ಲವೂ ಅದರಲ್ಲಿದ್ದವು. 2016ರಲ್ಲಿ ಆಕೆ ತೀರಿಕೊಂಡಳು. ಮಗಳು ಆ ಪುಸ್ತಕವನ್ನು ಅಡುಗೆಮನೆಯ ಕಪಾಟಿನಿಂದ ತೆಗೆದು ಇತರ ಪುಸ್ತಕಗಳ ನಡುವೆ ಜೋಪಾನವಾಗಿಟ್ಟಿದ್ದಳಂತೆ.

2018ರಲ್ಲಿ ಅವರು ಬೆಂಗಳೂರಿಗೆ ಮರಳಲು ನಿಶ್ಚಯಿಸಿದರು. ಅಳಿಯಂದಿರ ಕೆಲಸದ ಕರಾರಿನಲ್ಲಿ ಸಾಗಣೆಯ ಖರ್ಚು ಸೇರಿರಲಿಲ್ಲ. ಅವರು ಎರಡು ಕಡೆ ವಿಚಾರಿಸಿ ನನಗೆ ಫೋನ್ ಮಾಡಿದರು. ಒಬ್ಬರು ಸೂಚೌ ಮನೆಯಿಂದ ಬೆಂಗಳೂರು ಮನೆಯವರೆಗೆ ಎಲ್ಲ ಸೇರಿ, ಸುಂಕವೊಂದನ್ನುಳಿದು, 9,500 ಯುವಾನ್ ಎಂದಿದ್ದರು. ಆಗಿನ ಲೆಕ್ಕದಲ್ಲಿ ಸುಮಾರು ತೊಂಬತ್ತೈದು ಸಾವಿರ ರೂಪಾಯಿ. ಇನ್ನೊಬ್ಬರದು ಮನೆಯಿಂದ ಎತ್ತಿಕೊಂಡು ಹೋಗುವುದಕ್ಕೂ ಅಲ್ಲಿನ ಕಾಗದಪತ್ರಕ್ಕೂ 2,800 ಯುವಾನ್. ಶಾಂಘೈನಿಂದ ಚೆನ್ನೈವರೆಗಿನ ಹಡಗಿನ ಬಾಡಿಗೆ? ಸೊನ್ನೆ! "ಮಾವ, ಸೊನ್ನೆ ಎನ್ನುತ್ತಿದ್ದಾರೆ, ನನಗೇಕೋ ಅನುಮಾನ" ಎಂದರು ಅಳಿಯಂದಿರು. ಒಂದೊಂದು ಸೀಮೆಸುಣ್ಣದ ತುಂಡನ್ನೂ ಲೆಕ್ಕ ಹಾಕಿ ಬಳಸಿದ ಮೇಷ್ಟರ ಬುದ್ಧಿ ನೋಡಿ, "ಹಡಗು ಹೇಗೂ ಬರುತ್ತಿದೆ, ಜಾಗ ಖಾಲಿಯಿದ್ದರೆ ಪುಕ್ಕಟೆ ತರುತ್ತಾರೆ, ನಿಮಗೇಕೆ ಚಿಂತೆ?" ಎಂದು ನಾನೇ ಒತ್ತಾಯಿಸಿದೆ. ಹಿರಿಯರ ಮಾತೆಂದು ಅವರು ಒಪ್ಪಿಕೊಂಡರು.

ಈ ಸೊನ್ನೆಯ ಒಳಗುಟ್ಟು ನನಗೆ ಅರ್ಥವಾದದ್ದು ಆಮೇಲೆ. ಒಂದು ಕುಟುಂಬದ ಸಾಮಾನಿನಿಂದ ಇಡೀ ಕಂಟೇನರ್ ತುಂಬುವುದು ವಿರಳ. ಇಪ್ಪತ್ತು ಅಡಿಯ ಕಂಟೇನರಿನ ಒಳಗೆ ಸುಮಾರು 33 ಘನ ಮೀಟರ್ ಜಾಗವಿರುತ್ತದೆ; ನಮ್ಮವರ ಇಪ್ಪತ್ತೇಳು ಪೆಟ್ಟಿಗೆಗಳೆಲ್ಲ ಸೇರಿ ಮೂರೂವರೆ ಘನ ಮೀಟರ್. ಇಂಥ ಹತ್ತಾರು ಜನರ ಸರಕನ್ನು ಒಬ್ಬ ಮಧ್ಯವರ್ತಿ ಒಟ್ಟುಗೂಡಿಸಿ ಒಂದು ಕಂಟೇನರ್ ತುಂಬಿಸುತ್ತಾನೆ. ಚೀನಾದಲ್ಲಿ ಈ ಮಧ್ಯವರ್ತಿಗಳ ಪೈಪೋಟಿ ಬಹಳ. ಗಿರಾಕಿಯನ್ನು ಸೆಳೆಯಲು ಬಾಡಿಗೆಯನ್ನು ಇಳಿಸುತ್ತ ಇಳಿಸುತ್ತ ಸೊನ್ನೆಗೆ ತರುತ್ತಾರೆ. ಕೆಲವೊಮ್ಮೆ ಸೊನ್ನೆಗಿಂತ ಕೆಳಗೂ ಹೋಗಿ, ಸರಕು ತಂದವನಿಗೆ ಇವರೇ ಹಣ ಕೊಡುವುದೂ ಉಂಟಂತೆ! ಬಿಟ್ಟ ಹಣವನ್ನು ಸರಕು ಇಳಿಯುವ ಬಂದರಿನಲ್ಲಿ ಅವರ ಪಾಲುದಾರರು ವಸೂಲು ಮಾಡುತ್ತಾರೆ. ಡೆಲಿವರಿ ಆರ್ಡರ್ ಕೊಡುವುದಕ್ಕೆ ಒಂದು ಶುಲ್ಕ, ಕಂಟೇನರಿನಿಂದ ಸರಕು ಬಿಚ್ಚುವುದಕ್ಕೆ ಒಂದು, ಗೋದಾಮಿಗೆ ಒಂದು, ಕಾಗದಕ್ಕೆ ಒಂದು. ಅಷ್ಟು ಹೊತ್ತಿಗೆ ನಮ್ಮ ಪೆಟ್ಟಿಗೆಗಳು ಅವರ ವಶದಲ್ಲಿರುತ್ತವೆ. ಚೌಕಾಸಿಯ ಕಾಲ ಮುಗಿದಿರುತ್ತದೆ.

ಚೆನ್ನೈನಲ್ಲಿ ನಮಗೆ ಬಂದ ಬಿಲ್ಲು ಅರವತ್ತೊಂದು ಸಾವಿರ ರೂಪಾಯಿ. ಅದರ ಮೇಲೆ ಸಾಮಾನು ತಡೆಹಿಡಿಯಲ್ಪಟ್ಟು ಮೂರು ವಾರ ಗೋದಾಮಿನಲ್ಲಿ ಕುಳಿತದ್ದರ ಬಾಡಿಗೆ ಹತ್ತೊಂಬತ್ತು ಸಾವಿರ. ಸೂಚೌನಲ್ಲಿ ಕೊಟ್ಟಿದ್ದನ್ನೂ ಸೇರಿಸಿ ಲೆಕ್ಕ ಹಾಕಿ ನೋಡಿ: ಒಂದು ಲಕ್ಷದ ಎಂಟು ಸಾವಿರ. ಬೆಂಗಳೂರಿನವರೆಗಿನ ಲಾರಿಯ ಬಾಡಿಗೆ ಬೇರೆ.

ಆ ಮೂರು ವಾರಗಳಿಗೆ ಮಧ್ಯವರ್ತಿಯನ್ನು ಮಾತ್ರ ದೂರಲಾರೆ. ಮಗಳು ಆಸೆಪಟ್ಟು ಕೊಂಡಿದ್ದ ಚಿಕ್ಕ ಬೀರುವಿಗೆ ಅಲ್ಲಿಯ ಬಡಗಿಯೊಬ್ಬ ಹಸಿ ಹಲಗೆಗಳ ಚೌಕಟ್ಟು ಹೊಡೆದುಕೊಟ್ಟಿದ್ದ. ದೇಶದಿಂದ ದೇಶಕ್ಕೆ ಹೋಗುವ ಮರದ ಕಟ್ಟುಗಳಲ್ಲಿ ಹುಳುಗಳು ಸಾಗಿಹೋಗಬಾರದೆಂದು ಅಂತಾರಾಷ್ಟ್ರೀಯ ನಿಯಮವೊಂದಿದೆ. ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಕಾಯ್ದಿರಬೇಕು, ಅಥವಾ ಒಪ್ಪಿತವಾದ ಬೇರೆ ಉಪಚಾರ ಆಗಿರಬೇಕು; ಅದಕ್ಕೆ ಸಾಕ್ಷಿಯಾಗಿ ತೆನೆಯ ಚಿತ್ರದ ಮುದ್ರೆ ಹಲಗೆಯ ಮೇಲೆ ಇರಬೇಕು. ನಮ್ಮ ಚೌಕಟ್ಟಿನ ಮೇಲೆ ಬಡಗಿಯ ಪೆನ್ಸಿಲಿನ ಗೀಟು ಬಿಟ್ಟರೆ ಏನೂ ಇರಲಿಲ್ಲ. ಎರಡನೆಯ ತಪ್ಪು ಪಟ್ಟಿಯದು. ಇಪ್ಪತ್ತೇಳು ಪೆಟ್ಟಿಗೆಗಳಿಗೂ ಸೇರಿ "ಹಳೆಯ ಗೃಹೋಪಯೋಗಿ ಸಾಮಾನು" ಎಂದು ಒಂದೇ ಸಾಲು ಬರೆದಿದ್ದರು. ಅಧಿಕಾರಿಗಳು ಎಲ್ಲವನ್ನೂ ತೆರೆಸಿದರು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ "ಇತ್ಯಾದಿ" ಎಂದು ಬರೆದವರಿಗೆ ನಾನೆಂದೂ ಅಂಕ ಕೊಟ್ಟವನಲ್ಲ. ಸುಂಕದವರು ಏಕೆ ಕೊಟ್ಟಾರು?

ಆಗ ನೆರವಿಗೆ ಬಂದವನು 1988ರ ತಂಡದ ವಿದ್ಯಾರ್ಥಿ, ಚೆನ್ನೈನಲ್ಲಿ ಕಸ್ಟಮ್ಸ್ ಬ್ರೋಕರ್ ಕಚೇರಿಯೊಂದರಲ್ಲಿ ಕೆಲಸ ಮಾಡುವವನು. ಪಾಸ್‌ಪೋರ್ಟಿನ ಮುದ್ರೆಗಳನ್ನು ಒಂದೊಂದಾಗಿ ಎಣಿಸಿ ಅರ್ಜಿ ಹಾಕಿಸಿದ. ಆಗ ಜಾರಿಯಲ್ಲಿದ್ದ 2016ರ ಬ್ಯಾಗೇಜ್ ನಿಯಮಗಳಲ್ಲಿ, ಎರಡು ವರ್ಷ ಹೊರಗೆ ನೆಲೆಸಿ ವಾಸ ಬದಲಿಸಿ ಬರುವವರಿಗೆ ಕೆಲವು ಷರತ್ತುಗಳ ಮೇಲೆ ಐದು ಲಕ್ಷ ರೂಪಾಯಿವರೆಗೆ ಸುಂಕದ ರಿಯಾಯಿತಿ ಇತ್ತು. ಹೀಗಾಗಿ ನಾವು ಬಳಸಿದ ವಸ್ತುಗಳಿಗೆ ಏನನ್ನೂ ತೆರಬೇಕಾಗಲಿಲ್ಲ. (ಇಂಥ ನಿಯಮಗಳು ಬದಲಾಗುತ್ತಿರುತ್ತವೆ. ಹೊರಡುವ ದಿನದ ನಿಯಮವನ್ನೇ ನೋಡಿಕೊಳ್ಳಿ, ನನ್ನನ್ನು ನಂಬಿ ಕೂರಬೇಡಿ.) ನನ್ನ ತಮ್ಮನ ಸೊಸೆ ತರಿಸಿಕೊಂಡಿದ್ದ ಹನ್ನೆರಡು ಹೊಸ ತೂಗುದೀಪಗಳು ಮಾತ್ರ ಪೇಚಿಗಿಟ್ಟುಕೊಂಡವು. ಪೊಟ್ಟಣವನ್ನೇ ಬಿಚ್ಚದ ವಸ್ತು ಬಳಸಿದ ಸಾಮಾನು ಹೇಗಾದೀತು? ಅವುಗಳಿಗೆ ಕಟ್ಟಿದ ಸುಂಕದಲ್ಲಿ ಇಲ್ಲಿಯೇ ದೀಪ ಕೊಳ್ಳಬಹುದಿತ್ತು. ಆಕೆ ಇದನ್ನು ಓದುತ್ತಾಳೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ!

ಆ ಶಿಷ್ಯ ನನಗೆ ಕಲಿಸಿದ ಇನ್ನೊಂದು ಪಾಠ ಅಳತೆಯದು. ಸಮುದ್ರದ ದಾರಿಯಲ್ಲಿ ಒಂದು ಘನ ಮೀಟರನ್ನು ಒಂದು ಸಾವಿರ ಕಿಲೋಗೆ ಸಮವೆಂದು ಹಿಡಿದು, ಗಾತ್ರ ಮತ್ತು ತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ಬಾಡಿಗೆ ಹಾಕುತ್ತಾರೆ. ಮನೆಯ ಸಾಮಾನು ಅಷ್ಟು ಭಾರವಾಗುವುದೇ ಇಲ್ಲ. ಆದ್ದರಿಂದ ಕೊಡುವುದೆಲ್ಲ ಗಾತ್ರಕ್ಕೆ. ನಲವತ್ತು, ಮೂವತ್ತು, ಮೂವತ್ತು ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ಇಪ್ಪತ್ತು ಕಿಲೋ ಪುಸ್ತಕ ಹಿಡಿಸಿದರೂ, ಎರಡು ಕಿಲೋ ದಿಂಬು ತುರುಕಿದರೂ ಹಡಗಿನಲ್ಲಿ ಒಂದೇ ಬೆಲೆ. ವಿಮಾನದ ಕೊರಿಯರಿನಲ್ಲಿಯೂ ಉದ್ದ, ಅಗಲ, ಎತ್ತರವನ್ನು ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸಿ ಬಂದದ್ದನ್ನು ತೂಕವೆಂದು ಹಿಡಿಯುತ್ತಾರೆ. ನಿಜವಾದ ತೂಕ ಹೆಚ್ಚಿದ್ದರೆ ಅದನ್ನು. ಎರಡು ಕಿಲೋ ದಿಂಬಿನ ಅದೇ ಪೆಟ್ಟಿಗೆಗೆ ಅಲ್ಲಿ ಏಳು ಕಿಲೋ ಚಿಲ್ಲರೆಯ ದರ! ಹಾಗಾಗಿ ಪುಸ್ತಕ, ಪಾತ್ರೆ, ರುಬ್ಬುವ ಕಲ್ಲು ಸಮುದ್ರದಲ್ಲಿ ಬರಲಿ. ದಿಂಬು, ಹಾಸಿಗೆ, ಪ್ಲಾಸ್ಟಿಕ್ ಡಬ್ಬಗಳನ್ನು ಅಲ್ಲಿಯೇ ಯಾರಿಗಾದರೂ ಕೊಟ್ಟುಬಿಡುವುದು ಲೇಸು. ನಮ್ಮ ಮೂರೂವರೆ ಘನ ಮೀಟರಿನಲ್ಲಿ ಒಂದೂವರೆಯಷ್ಟು ಇಂಥ ಗಾಳಿಯೇ ಇತ್ತು. ದುಡ್ಡು ಕೊಟ್ಟು ಶಾಂಘೈನ ಗಾಳಿಯನ್ನು ಚೆನ್ನೈಗೆ ತರಿಸಿಕೊಂಡೆವು.

ಹಡಗಿನ ದರವೂ ನಿಂತ ನೀರಲ್ಲ. ಕೊರೋನಾ ಕಾಲದಲ್ಲಿ, 2021ರ ಸೆಪ್ಟೆಂಬರಿನಲ್ಲಿ, ನಲವತ್ತು ಅಡಿಯ ಒಂದು ಕಂಟೇನರಿನ ಜಾಗತಿಕ ಸರಾಸರಿ ದರ ಹತ್ತು ಸಾವಿರ ಡಾಲರುಗಳನ್ನು ದಾಟಿತ್ತು. ಅದೇ ವರ್ಷ ಶೆನ್‌ಜೆನ್‌ನ ಯಾಂಟಿಯಾನ್ ಬಂದರು ಸೋಂಕಿನ ಕಾರಣ ವಾರಗಟ್ಟಲೆ ಕುಂಟಿತು. ಮತ್ತೊಬ್ಬರು ಯಾವುದೋ ವರ್ಷ ಕೊಟ್ಟ ದರವನ್ನು ಹಿಡಿದುಕೊಂಡು ಲೆಕ್ಕ ಹಾಕುವುದರಿಂದ ಪ್ರಯೋಜನವಿಲ್ಲ.

ಇನ್ನು ಕೆಲವರು ಇದಕ್ಕಿಂತಲೂ ಅಗ್ಗದ ದಾರಿಯನ್ನು ಪಿಸುಮಾತಿನಲ್ಲಿ ಹೇಳುತ್ತಾರೆ. ಕಾಗದಪತ್ರವೇ ಬೇಡ, ಬೇರೆಯವರ ವ್ಯಾಪಾರದ ಸರಕಿನ ನಡುವೆ ನಿಮ್ಮ ಪೆಟ್ಟಿಗೆಯೂ ಬಂದುಬಿಡುತ್ತದೆ, ಇಲ್ಲವೇ ಹತ್ತು ಸಾವಿರದ ವಸ್ತುವಿಗೆ ಐನೂರು ಎಂದು ಬರೆಯುತ್ತೇವೆ, ಎಂಬುದು ಅವರ ವಾದ. ಇದು ತಪ್ಪೆಂದು ನೀತಿ ಹೇಳಿದರೆ ನಿಮ್ಮಲ್ಲಿ ಕೆಲವರು ನಕ್ಕಾರು. ಹಾಗಾಗಿ ಲಾಭನಷ್ಟವನ್ನೇ ಹೇಳುತ್ತೇನೆ: ಕಾಗದದ ಮೇಲೆ ಇಲ್ಲದ ಪೆಟ್ಟಿಗೆ ಕಳೆದುಹೋದರೆ ಅದು ಎಂದೂ ಇರಲೇ ಇಲ್ಲ. ಐನೂರು ಎಂದು ಬರೆದ ವಸ್ತು ಒಡೆದರೆ ಸಿಗುವ ವಿಮೆಯೂ ಐನೂರರ ಲೆಕ್ಕದ್ದೇ.

ನೋಟ್‌ಪುಸ್ತಕದ ಮಾತನ್ನು ಇಷ್ಟು ಹೊತ್ತು ತಡೆಹಿಡಿದಿದ್ದೆ.

ಸೂಚೌನಲ್ಲಿ ಪೆಟ್ಟಿಗೆ ಕಟ್ಟಿದ್ದು ಜೂನ್ ತಿಂಗಳಲ್ಲಿ. ಯಾಂಗ್‌ತ್ಸೆ ನದಿಯ ಕೆಳಹರಿವಿನ ಆ ಸೀಮೆಯಲ್ಲಿ ಅದು ಜಡಿಮಳೆಯ ಕಾಲ. ಪ್ಲಮ್ ಹಣ್ಣಾಗುವ ಹೊತ್ತಿಗೆ ಬರುವುದರಿಂದ ಅದನ್ನು ಪ್ಲಮ್ ಮಳೆ ಎಂದೇ ಕರೆಯುತ್ತಾರೆ. ನಮ್ಮ ಮಲೆನಾಡಿನ ಆಷಾಢದಂತೆ ಗೋಡೆ, ಬಟ್ಟೆ, ಕಾಗದ ಎಲ್ಲವೂ ನೀರು ಕುಡಿದಿರುತ್ತವೆ. ಹಾಗೆ ತೇವ ಹೀರಿದ ರಟ್ಟಿನ ಪೆಟ್ಟಿಗೆಗಳನ್ನು ಕಬ್ಬಿಣದ ಕಂಟೇನರಿನೊಳಗೆ ಮುಚ್ಚಿದರೆ, ಹಗಲಿನ ಬಿಸಿಗೆ ತೇವ ಆವಿಯಾಗಿ ಮೇಲೇರಿ, ರಾತ್ರಿಯ ತಂಪಿಗೆ ತಗಡಿನ ಸೂರಿನಿಂದ ಹನಿಹನಿಯಾಗಿ ಕೆಳಗೆ ಬೀಳುತ್ತದೆ. ಮುಚ್ಚಿದ ಕಂಟೇನರಿನ ಒಳಗೇ ಮಳೆ! ತೇವ ಹೀರುವ ಪೊಟ್ಟಣಗಳನ್ನಿಟ್ಟು, ಪುಸ್ತಕಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದರೆ ಸಾಕಾಗಿತ್ತು. ಅದರ ಖರ್ಚು ಅಲ್ಪ. "ದಪ್ಪ ರಟ್ಟು ಇದೆಯಲ್ಲ, ಸುಮ್ಮನೆ ದಂಡ" ಎಂದು ಫೋನಿನಲ್ಲಿ ಹೇಳಿದ್ದವನು ನಾನೇ. ಪುಸ್ತಕದ ಪೆಟ್ಟಿಗೆ ಎಲ್ಲಕ್ಕಿಂತ ಮೇಲಿತ್ತಂತೆ. ಬೆಂಗಳೂರಿನಲ್ಲಿ ಅದನ್ನು ಬಿಚ್ಚಿದಾಗ ಬೂಸಲಿನ ವಾಸನೆ ಬಂತು.

ಶಾಲೆಯಲ್ಲಿ ನಾನು ಹೇಳುತ್ತಿದ್ದ ಫಾಹಿಯಾನನ ಕಥೆ ನಿಮಗೆ ನೆನಪಿರಬಹುದು. ಐದನೆಯ ಶತಮಾನದ ಆರಂಭದಲ್ಲಿ ಆತ ಸಿಂಹಳದಿಂದ ಹಡಗು ಹತ್ತಿ ಚೀನಾಕ್ಕೆ ಮರಳುವಾಗ ಬಿರುಗಾಳಿಗೆ ಸಿಕ್ಕಿ ಹಡಗು ಸೋರತೊಡಗಿತು. ವರ್ತಕರು ಭಾರದ ಸರಕನ್ನೆಲ್ಲ ಸಮುದ್ರಕ್ಕೆಸೆದರು. ಫಾಹಿಯಾನನೂ ತನ್ನ ನೀರಿನ ಹೂಜಿಯನ್ನೂ ಮುಖ ತೊಳೆಯುವ ಬೋಗುಣಿಯನ್ನೂ ತಾನೇ ಎಸೆದ; ಭಾರತದಲ್ಲಿಯೂ ಸಿಂಹಳದಲ್ಲಿಯೂ ಸಂಪಾದಿಸಿದ ಗ್ರಂಥಗಳನ್ನೂ ವಿಗ್ರಹಗಳನ್ನೂ ಎಲ್ಲಿ ಎಸೆದುಬಿಡುವರೋ ಎಂಬ ಭಯದಲ್ಲಿ ಪ್ರಾರ್ಥಿಸುತ್ತ ಕುಳಿತ. ಮೂವತ್ತು ವರ್ಷ ಈ ಪಾಠ ಹೇಳಿದ ನಾನು, ದಿಂಬುಗಳನ್ನು ತರಿಸಿಕೊಳ್ಳುವುದಕ್ಕಾಗಿ ಗ್ರಂಥವನ್ನು ನೆನೆಯಬಿಟ್ಟೆ. ಏಳು ಕಿಲೋ ಕೈಚೀಲದಲ್ಲಿ ಆ ಒಂದು ನೋಟ್‌ಪುಸ್ತಕಕ್ಕೆ ಜಾಗವಿರಲಿಲ್ಲವೇ? ಇತ್ತು, ಅದರಲ್ಲಿ ನನಗೆಂದು ತಂದ ಚಹಾದ ಡಬ್ಬಿ ಇತ್ತು.

ಶೆನ್‌ಜೆನ್‌ನ ಹುಡುಗಿಗೆ ಉತ್ತರ ಬರೆದಿದ್ದೇನೆ. ಮಗೂ, ಮನೆಯಿಂದ ಮನೆಗೆ ಎಲ್ಲ ಸೇರಿದ ದರವನ್ನು ಮೂವರಿಂದ ಬರಹದಲ್ಲಿ ಕೇಳು. ಮೆಲ್ಬರ್ನ್ ಬಂದರಿನ ಪ್ರತಿಯೊಂದು ಶುಲ್ಕವೂ ಅದರಲ್ಲಿರಲಿ. ಕೊಡಲು ಹಿಂಜರಿಯುವವನನ್ನು ಬಿಟ್ಟುಬಿಡು. ಆಸ್ಟ್ರೇಲಿಯಾದವರು ಮರ, ಬೆತ್ತ, ಮಣ್ಣು ಮೆತ್ತಿದ ಚಪ್ಪಲಿಗಳನ್ನು ಬಹಳ ಕಟ್ಟುನಿಟ್ಟಾಗಿ ನೋಡುತ್ತಾರೆ, ತೊಳೆದು ಒಣಗಿಸಿ ಕಟ್ಟು. ನೆಲೆಸಲು ಬರುವವರು ಹನ್ನೆರಡು ತಿಂಗಳಿಗೂ ಮೇಲ್ಪಟ್ಟು ತಮ್ಮದಾಗಿಟ್ಟುಕೊಂಡು ಬಳಸಿದ ವಸ್ತುಗಳಿಗೆ ಅಲ್ಲಿ ಸುಂಕದ ವಿನಾಯಿತಿ ಇದೆ. ಹೊರಡುವ ಮುನ್ನಾದಿನ ಹೊಸದೇನನ್ನೂ ಕೊಂಡು ತುರುಕಬೇಡ. ಬಿಡಿ ಬ್ಯಾಟರಿಗಳನ್ನು ಪೆಟ್ಟಿಗೆಗೆ ಹಾಕಬೇಡ. ಒಂದೊಂದು ಪೆಟ್ಟಿಗೆಗೂ ಅಂಕಿ ಬರೆದು, ಒಳಗಿರುವುದನ್ನೆಲ್ಲ ಪಟ್ಟಿ ಮಾಡು, "ಇತ್ಯಾದಿ" ಬೇಡ. ಕೈಬರಹದ್ದು ಏನಿದ್ದರೂ ನಿನ್ನ ಕೈಯಲ್ಲಿಯೇ ಇರಲಿ.

ನಮ್ಮ ಪುಸ್ತಕದ ಹಾಳೆಗಳನ್ನು ಮಗಳು ಒಂದೊಂದಾಗಿ ಬಿಡಿಸಿ, ನಡುವೆ ಬಿಳಿ ಕಾಗದವಿಟ್ಟು, ಮೇಲೆ ತೂಕ ಹೇರಿ ಒಣಗಿಸಿದಳು. ನನ್ನಾಕೆ ಜೋಗುಳಗಳನ್ನು ಪೆನ್ಸಿಲಿನಲ್ಲಿ ಬರೆದಿದ್ದಳು, ನೆನಪಾದಂತೆ ತಿದ್ದಿಕೊಳ್ಳಲೆಂದು ಇರಬೇಕು. ಅವು ಒಂದಕ್ಷರವೂ ಅಳಿಯದೆ ಉಳಿದಿವೆ. ಅಡುಗೆಯ ಪುಟಗಳನ್ನು ನನ್ನ ಶಾಯಿ ಪೆನ್ನಿನಲ್ಲಿ ಬರೆದಿದ್ದಳು. ಹುಳಿಪುಡಿಯ ಪುಟದಲ್ಲಿ ಮೆಂತ್ಯ, ಜೀರಿಗೆ, ಮೆಣಸಿನಕಾಯಿಗಳ ಅಳತೆ ಹೇಗೋ ಓದಬಹುದು. ಕೊತ್ತಂಬರಿ ಬೀಜದ ಮುಂದೆ ಒಂದು ನೀಲಿ ಕಲೆ ಮಾತ್ರ ಇದೆ. ಮಗಳು ಪ್ರತಿ ಸಲವೂ ಒಂದೊಂದು ಅಳತೆ ಹಾಕಿ ನೋಡುತ್ತಾಳೆ, ಊಟಕ್ಕೆ ಕುಳಿತ ನನ್ನ ಮುಖವನ್ನು ನೋಡುತ್ತಾಳೆ. ಇನ್ನೂ ಸರಿಹೋಗಿಲ್ಲ.