ಕಂಟ್ರೋಲ್ ಸಿ, ಕಂಟ್ರೋಲ್ ವಿ ಅಷ್ಟೇ ಸಾಕಾ?

ಪ್ರಾಜೆಕ್ಟ್ ರಿಪೋರ್ಟ್ ಕೊಡುವ ಹಿಂದಿನ ರಾತ್ರಿ ಸದಾಶಿವನಗರದ ನಮ್ಮ ರೂಮಿನಲ್ಲಿ ಯಾರೂ ಮಲಗೋದಿಲ್ಲ. ಕೋಡ್ ಬರೀಲಿಕ್ಕೆ ಅಲ್ಲ, ಪರಿವಿಡಿಯ ಪುಟಸಂಖ್ಯೆ ತಿದ್ದಲಿಕ್ಕೆ! ಗೈಡ್ ಸರ್ ಎರಡನೇ ಚಾಪ್ಟರಿಗೆ ಒಂದು ಚಿತ್ರ ಸೇರಿಸಿ ಅಂದಿರ್ತಾರೆ, ಮುಂದಿನ ಪುಟಗಳೆಲ್ಲ ಜಾರಿರ್ತಾವೆ. "ಲೇ, ರಿಸಲ್ಟ್ ಚಾಪ್ಟರ್ ಈಗ ಎಷ್ಟನೇ ಪೇಜಿಗೆ ಬಂತು ನೋಡಲೇ" ಅಂತ ಒಬ್ಬ ಕೂಗ್ತಾನ, ಇನ್ನೊಬ್ಬ ಎಣಿಸ್ತಾನ.

ಕಂಟ್ರೋಲ್ ಸಿ, ಕಂಟ್ರೋಲ್ ವಿ ನಮಗೆಲ್ಲ ಗೊತ್ತು. ಅವು ಸೆಕೆಂಡುಗಳನ್ನು ಉಳಿಸುತ್ತವೆ. ಇಡೀ ರಾತ್ರಿ ಉಳಿಸುವ ಶಾರ್ಟ್‌ಕಟ್‌ಗಳು ಬೇರೆ ಇವೆ, ಅವನ್ನು ನಾವು ಕಲಿಯುತ್ತಿಲ್ಲ ಎಂಬುದೇ ನಮ್ಮ ತಕರಾರು.

ಅಕ್ಷರ ದೊಡ್ಡದು ಮಾಡಿ ಬೋಲ್ಡ್ ಹಾಕಿದರೆ ನಮ್ಮ ಕಣ್ಣಿಗೆ ಅದು ಹೆಡಿಂಗ್. ವರ್ಡ್‌ಗೆ ಅಲ್ಲ. ಆ ಸಾಲಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್, ಆಲ್ಟ್, 1 ಒತ್ತಿ. ಈಗ ಅದು ನಿಜವಾದ ಹೆಡಿಂಗ್. ಉಪಶೀರ್ಷಿಕೆಗೆ 2. ಆಮೇಲೆ ರೆಫರೆನ್ಸಸ್ ಟ್ಯಾಬಿನಲ್ಲಿ ಟೇಬಲ್ ಆಫ್ ಕಂಟೆಂಟ್ಸ್ ಆರಿಸಿದರೆ ಪರಿವಿಡಿ ತಾನೇ ಬರುತ್ತದೆ. ಪುಟ ಜಾರಿದರೆ ಅದರ ಮೇಲೆ ಕ್ಲಿಕ್ ಮಾಡಿ ಎಫ್9 ಒತ್ತಿ, ಸಂಖ್ಯೆ ಸರಿಹೋಗುತ್ತದೆ. ಹೊಸ ಪುಟಕ್ಕೆ ಹದಿನೈದು ಸಲ ಎಂಟರ್ ಹೊಡೆಯೋದು ಸೀನಿಯರ್ ಫೈಲಿನಿಂದ ನಮಗೆ ಬಂದ ಆಸ್ತಿ. ಕಂಟ್ರೋಲ್ ಮತ್ತು ಎಂಟರ್ ಒಂದು ಸಲ ಸಾಕು.

"ಡಿಟಿಪಿ ಅಂಗಡಿ ಅಣ್ಣಗ ರೊಕ್ಕ ಕೊಟ್ರ ಮಾಡಿಕೊಡ್ತಾನ ಬಿಡೋ" ಅನ್ನೋರು ಇದ್ದಾರೆ. ಸರಿ. ಗೈಡ್ ಮತ್ತೆ ತಿದ್ದಿ ಕೊಟ್ಟರೆ? ಮತ್ತೆ ಅಂಗಡಿ, ಮತ್ತೆ ರೊಕ್ಕ.

ಕಣ್ಣಿಗೆ ಕಂಡರೆ ಸಾಲದು, ಕಂಪ್ಯೂಟರಿಗೂ ತಿಳಿಯಬೇಕು. ಈ ಮಾತು ನಮ್ಮ ಪತ್ರಿಕೆಗೆ ಬರುವ ಲೇಖನಗಳಿಗೂ ಸಲ್ಲುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಕವನವನ್ನು ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಯಾಕಂದ್ರೆ ಫೈಲಿನೊಳಗೆ ಇರುವುದು ಅವೇ, ಕನ್ನಡದ ರೂಪ ಮಾತ್ರ ಫಾಂಟಿನದು. ಕಂಟ್ರೋಲ್ ಎಫ್ ಒತ್ತಿ ಯೂನಿಕೋಡಿನಲ್ಲಿ "ಬೆಳಗಾವಿ" ಅಂತ ಹುಡುಕಿದರೂ ಸಿಗೋದಿಲ್ಲ. ಹೀಗೆ ಎಷ್ಟು ಕವನಗಳು ಪೆನ್‌ಡ್ರೈವ್‌ಗಳಲ್ಲೇ ಮೂಕವಾಗಿ ಕೂತಿವೆಯೋ!

ಹೊಸದಾಗಿ ಕಲಿಯಬೇಕಾದ್ದೂ ಹೆಚ್ಚಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಕೆ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ, ಒತ್ತಕ್ಷರಕ್ಕೆ ನಡುವೆ ಎಫ್. ನುಡಿ ತಂತ್ರಾಂಶವನ್ನು ಯೂನಿಕೋಡಿಗೆ ಬದಲಿಸಿಕೊಂಡರೂ ಇವೇ ಕೀಲಿಗಳು. ಬೆರಳಿನ ರೂಢಿ ತಪ್ಪಬೇಕಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಇದಕ್ಕೆ ಕೊಡೋಣ. ರಿಪೋರ್ಟಿನ ಹಿಂದಿನ ರಾತ್ರಿ ನಿದ್ದೆ ಮಾಡೋಣ. ಮುಂದಿನ ಸಂಚಿಕೆಗೆ ಲೇಖನಾನ ಮಾತ್ರ ಯೂನಿಕೋಡಿನಲ್ಲೇ ಕಳಿಸ್ರಿ ಮತ್ತ!